ಮೋನಪ್ಪನ ಬಾಯಿ, ಮಗಳ ಪ್ರೋಟೀನು

ಕುವೈತಿನ ಸಾಲ್ಮಿಯಾದ ಕನ್ನಡದವರಲ್ಲಿ ಯಾರಿಗೆ ಏನು ತಿಳಿಯಬೇಕಿದ್ದರೂ ಮೋನಪ್ಪನನ್ನು ಕೇಳುವುದು ವಾಡಿಕೆ. ವೀಸಾ ಕೊಡುವ ಯಾವ ಕಫೀಲ್ ಒಳ್ಳೆಯವನು, ಯಾವ ಶಾಲೆಯ ಗಣಿತದ ಟೀಚರು ವರ್ಷದ ನಡುವೆ ಬಿಟ್ಟುಹೋಗಿದ್ದಾಳೆ, ವಾಸದ ಪರವಾನಗಿ ಇಕಾಮಾ ಮಾಡಿಸಲು ಎಷ್ಟು ಹೊತ್ತಿಗೆ ಹೋದರೆ ಸಾಲು ಚಿಕ್ಕದು, ಮಂಗಳೂರು ವಿಮಾನದಲ್ಲಿ ಎಲ್ಲಿ ಕೂತರೆ ಕಾಲು ಚಾಚಬಹುದು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಗೊತ್ತಿಲ್ಲದ್ದನ್ನು ಕೇಳಿದರೂ ಅವನು ಗೊತ್ತಿಲ್ಲ ಎನ್ನುತ್ತಿರಲಿಲ್ಲ. ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ ಎಂದು ಅವನ ಭಾವನೆ. ಒಂದು ಕೇಟರಿಂಗ್ ಕಂಪನಿಯಲ್ಲಿ ಖರೀದಿ ಸೂಪರ್‌ವೈಸರ್ ಆಗಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಮಾಂಸ, ಮೀನು, ತರಕಾರಿಯ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಬಾಯಿ ಎಣ್ಣೆ ಹಾಕಿದ ಬಾಗಿಲಿನಂತೆ ಆಗಿತ್ತು, ಮುಟ್ಟಿದರೆ ತೆರೆದುಕೊಳ್ಳುತ್ತಿತ್ತು.

ಇಂಥ ಮನುಷ್ಯ ಉತ್ತರ ಕೊಡಲಾಗದೆ ತಡವರಿಸುತ್ತಿದ್ದ ಪ್ರಶ್ನೆ ಒಂದೇ ಒಂದು. ನಿಮ್ಮ ಮಗಳು ಎಂತ ಮಾಡುವುದು ಮೋನಪ್ಪಣ್ಣ?

ಮಗಳು ದೀಕ್ಷಿತಾ ಹುಟ್ಟಿದ್ದು ಬೆಳೆದದ್ದು ಕುವೈತಿನಲ್ಲೇ. ಮಂಗಳೂರಿಗೆ ಹೋಗಿ ಎಂ.ಎಸ್ಸಿ., ಪಿಎಚ್.ಡಿ. ಮುಗಿಸಿ ಬಂದು ಇಲ್ಲಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಹೋದವಳು ಕತ್ತಲಾದ ಮೇಲೆ ಬರುತ್ತಿದ್ದಳು. ಒಮ್ಮೆ ಊಟಕ್ಕೆ ಕೂತಾಗ ಮೋನಪ್ಪ ನೇರವಾಗಿ ಕೇಳಿದ್ದ.

"ಬ್ರೇನ್‌ನಲ್ಲಿ ಒಂದು ಪ್ರೋಟೀನ್ ಉಂಟು ಅಪ್ಪ. ಕ್ಯಾಲ್ಸಿಯಂ ಬಂದರೆ ಅದು ಹಿಡ್ಕೊಳ್ತದೆ," ಎಂದಳು ಅವಳು.

"ಹಿಡ್ಕೊಂಡು?"

"ಶೇಪ್ ಚೇಂಜ್ ಆಗ್ತದೆ."

"ಶೇಪ್ ಚೇಂಜ್ ಆಗಿ?"

"ಆಮೇಲೆ ಎಂತ ಮಾಡ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನೇ ನಾವು ಹುಡುಕೋದು."

"ಎಷ್ಟು ಸಮಯದಿಂದ?"

"ನಾನು ಎರಡು ವರ್ಷದಿಂದ. ನಮ್ಮ ಪ್ರೊಫೆಸರ್ ನನ್ನ ಸ್ಕೂಲ್ ಟೈಮಿಂದ."

ಮೋನಪ್ಪ ಮುಂದೆ ಕೇಳಲಿಲ್ಲ. ಏನಕ್ಕೆ ಬೇಕು ಎಂದು ಗೊತ್ತಿಲ್ಲದ ಸಾಮಾನನ್ನು ತಾನು ಒಂದೇ ಒಂದು ತಿಂಗಳು ಖರೀದಿಸಿದ್ದರೂ ಕಂಪನಿಯವರು ಯಲ್ಲಾ, ಖಲಾಸ್ ಎಂದು ಊರಿನ ವಿಮಾನ ಹತ್ತಿಸುತ್ತಿದ್ದರು. ಇಲ್ಲಿ ನೋಡಿದರೆ ಓದಿದವರೆಲ್ಲ ಸೇರಿ ವರ್ಷಾನುಗಟ್ಟಲೆ ಹುಡುಕುತ್ತಿದ್ದಾರೆ, ಅದಕ್ಕೆ ಎ.ಸಿ. ಬೇರೆ.

ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಅವನಿಗೆ ಇದು ನಿಜವಾದ ಸಂಕಟ. ಒಬ್ಬರ ಮಗಳು ದಂತವೈದ್ಯೆ. ಹಲ್ಲು ಎಂದರೆ ಮುಗಿಯಿತು, ಎಲ್ಲರೂ ಗೌರವದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಇನ್ನೊಬ್ಬರ ಮಗ ತೈಲ ಕಂಪನಿಯಲ್ಲಿ. ಅಲ್ಲಿಯೂ ವಿವರಣೆ ಬೇಡ. ತನ್ನ ಸರದಿ ಬಂದಾಗ ಮಾತ್ರ "ಸಂಶೋಧನೆ" ಎನ್ನಬೇಕು. "ಎಂತದ್ದು?" ಎಂದು ಕೇಳುತ್ತಾರೆ. "ಮಿದುಳಿನದ್ದು." "ಹೋ, ಡಾಕ್ಟ್ರಾ?" "ಡಾಕ್ಟ್ರೇ, ಆದರೆ ಆ ಡಾಕ್ಟ್ರಲ್ಲ." ಅಷ್ಟು ಹೊತ್ತಿಗೆ ಕೇಳಿದವರ ಕಣ್ಣು ಪಲಾವಿನ ಪಾತ್ರೆಯ ಕಡೆ ಹೋಗಿರುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ದೀಕ್ಷಿತಾ ತಾನಾಗಿ ಅಪ್ಪನ ಬಳಿ ಬಂದು ಕೂತಳು.

"ಅಪ್ಪ, ನಿಮಗೆ ಮಟನ್ ಮಾರ್ಕೆಟ್‌ನಲ್ಲಿ ಪರಿಚಯ ಉಂಟಲ್ಲ. ನನಗೆ ಕುರಿಯ ಬ್ರೇನ್ ಬೇಕು. ಫ್ರೆಶ್."

ಲ್ಯಾಬಿಗೆ ಒಂದು ಕಂಪನಿ ಮಿದುಳು ಒದಗಿಸುತ್ತಿತ್ತಂತೆ. ಆದರೆ ಅದು ಕಲ್ಲಿನಂತೆ ಹೆಪ್ಪುಗಟ್ಟಿ ಬರುತ್ತಿತ್ತು, ಕರಗಿಸುವಷ್ಟರಲ್ಲಿ ಪ್ರೋಟೀನು ಹಾಳು. ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ನೋಡಿದ್ದರು. ಅಲ್ಲಿ ಪ್ರೋಟೀನು ಬರುತ್ತದೆ, ಅದಕ್ಕಿರಬೇಕಾದ ಕೊಬ್ಬಿನ ಬಾಲ ಬರುವುದಿಲ್ಲ. ಬಾಲವಿಲ್ಲದ್ದು ಏನೂ ಕೆಲಸ ಮಾಡುವುದಿಲ್ಲ. ಕಡಿದ ಕುರಿಯ ಮಿದುಳು ಬಿಸಿಯಾರುವ ಮೊದಲೇ ಐಸಿನಲ್ಲಿಟ್ಟು ತಂದುಕೊಟ್ಟರೆ ಸಾಕು ಎಂದಳು. ಪ್ರೊಫೆಸರ್ ಒಪ್ಪಿಗೆಯೂ ಸಿಕ್ಕಿತ್ತು.

ಮೋನಪ್ಪನಿಗೆ ಎದೆ ಉಬ್ಬಿತು. ವಿಜ್ಞಾನಕ್ಕೆ ತನ್ನಿಂದ ಒಂದು ಉಪಕಾರವಾಗುವ ಕಾಲ ಬಂತು ಎಂದುಕೊಂಡ.

ಕುವೈತ್ ಸಿಟಿಯ ಹಳೆಯ ಮಾರುಕಟ್ಟೆಯಾದ ಸೂಕಿನ ಮಾಂಸದ ಸಾಲಿನಲ್ಲಿ ಮೊಯ್ದೀನ್ ಕುಂಞಿಯ ಅಂಗಡಿ. ಉಪ್ಪಿನಂಗಡಿ ಕಡೆಯ ಬ್ಯಾರಿ. ಮೋನಪ್ಪನೂ ಅವನೂ ಒಂದೇ ವರ್ಷ ಕುವೈತಿಗೆ ಬಂದವರು, ಆಗಿನಿಂದ ದಿನವೂ ಬೆಳಿಗ್ಗೆ ಒಬ್ಬರಿಗೊಬ್ಬರು ಬೈದುಕೊಂಡೇ ವ್ಯಾಪಾರ ಮಾಡುತ್ತ ಬಂದವರು. ಮಿದುಳು ಬೇಕು, ವಾರಕ್ಕೆ ಎರಡು ಸಲ, ತಲೆ ಎಣಿಸಿ ಹೇಳಿದಷ್ಟು, ಎಂದಾಗ ಕುಂಞಿ ಕತ್ತಿ ಕೆಳಗಿಟ್ಟ.

"ಇಷ್ಟು ಭೇಜಾ ಯಾರಿಗೆ ಮಾರಾಯ? ನಿಮ್ಮ ಕಂಪನಿಯಲ್ಲಿ ಮೆನು ಬದಲಾಯ್ತಾ?"

"ಕಂಪನಿಗಲ್ಲ. ಮಗಳ ಲ್ಯಾಬಿಗೆ."

"ಲ್ಯಾಬಿನಲ್ಲಿ ತಿಂತಾರಾ?"

"ತಿನ್ನುವುದಲ್ಲ. ಅದರಿಂದ ಒಂದು ಪ್ರೋಟೀನು ತೆಗೀತಾರೆ."

"ಅದು ಎಂತ ಮಾಡ್ತದೆ?"

ಅದೇ ಪ್ರಶ್ನೆ. ಸುತ್ತ ನಾಲ್ಕು ಗಿರಾಕಿಗಳು ನಿಂತಿದ್ದರು, ಅವರಲ್ಲಿ ಇಬ್ಬರಿಗೆ ಕನ್ನಡ ಬರುತ್ತಿತ್ತು. ಗೊತ್ತಿಲ್ಲ ಎನ್ನಲು ಮೋನಪ್ಪನ ಬಾಯಿ ತೆರೆಯಿತು. ತೆರೆದ ಬಾಯಿಯಿಂದ ಬೇರೆಯೇ ಬಂತು.

"ನೆನಪು," ಎಂದ. "ನೆನಪಿನ ಶಕ್ತಿ. ಕ್ಯಾಲ್ಸಿಯಂ ಅಂದರೆ ಎಂತ? ಸುಣ್ಣ. ಸುಣ್ಣ ಹಾಕಿ ಕಟ್ಟಿದ ಗೋಡೆ ಗಟ್ಟಿ ನಿಲ್ತದೋ ಇಲ್ವೋ? ಈ ಪ್ರೋಟೀನು ಸುಣ್ಣ ಹಿಡಿದು ಮಿದುಳಿನ ಒಳಗೆ ಓದಿದ್ದನ್ನು ಗಟ್ಟಿ ಮಾಡ್ತದೆ. ಒಮ್ಮೆ ಕೂತರೆ ಅಲ್ಲಾಡುವುದಿಲ್ಲ."

ಕುಂಞಿ ಕಲ್ಲಿನ ಮೇಲಿದ್ದ ಕುರಿಯ ತಲೆಯನ್ನು ಹೊಸ ಗೌರವದಿಂದ ನೋಡಿದ.

ಮೋನಪ್ಪ ಕಾರಿನಲ್ಲಿ ಐಸಿನ ಪೆಟ್ಟಿಗೆ ಇಟ್ಟುಕೊಂಡು ಹೊರಟಾಗ ಮನಸ್ಸು ಹಗುರವಾಗಿತ್ತು. ಕೊನೆಗೂ ಒಂದು ಉತ್ತರ ಸಿಕ್ಕಿತ್ತು, ಅದೂ ಎಷ್ಟು ಚಂದದ ಉತ್ತರ. ಆ ವಾರ ಅದನ್ನು ಆಫೀಸಿನಲ್ಲಿ ಹೇಳಿದ, ಲಿಫ್ಟಿನಲ್ಲಿ ಹೇಳಿದ, ಬಳಗದ ಸಭೆಯಲ್ಲಿ ಹೇಳಿದ. ಸುಣ್ಣದ ಗೋಡೆಯ ಉದಾಹರಣೆ ಪ್ರತಿ ಸಲವೂ ಇನ್ನಷ್ಟು ಎತ್ತರಕ್ಕೆ ಏರಿತು. ದಂತವೈದ್ಯೆಯ ಅಪ್ಪನೂ ಪಲಾವು ಬಿಟ್ಟು ಕೇಳಿಸಿಕೊಂಡ.

ಅದು ಜನವರಿ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ದಿನ ಹತ್ತಿರ ಬಂದಿತ್ತು. ಸಾಲ್ಮಿಯಾದ ಭಾರತೀಯ ಮನೆಗಳಲ್ಲಿ ಟಿ.ವಿ. ಬಂದ್ ಆಗಿತ್ತು, ನೆಂಟರು ಬರುವುದು ನಿಂತಿತ್ತು, ತಾಯಂದಿರು ಆಫೀಸಿಗೆ ರಜೆ ಹಾಕಲು ಶುರು ಮಾಡಿದ್ದರು. ಮೇಲಿನ ಮಹಡಿಯ ಶರ್ಲಿನ್ ಅವರಲ್ಲಿ ಒಬ್ಬಳು. ಶಿರ್ವದವಳು, ಬ್ಯಾಂಕಿನಲ್ಲಿ ಕೆಲಸ, ಮಗ ಜೋಯಲ್ ಹತ್ತನೆಯಲ್ಲಿ. ಅವಳು ಮೋನಪ್ಪನ ಹೆಂಡತಿ ಸುಗಂಧಿಯನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದಳು.

"ಭೇಜಾ ಹೇಗೆ ಮಾಡ್ಬೇಕು ಸುಗಂಧಿಯಕ್ಕ? ಫ್ರೈಯಾ, ಸೂಪಾ? ಕೊತ್ತಂಬರಿ ಹಾಕಿದ್ರೆ ಪವರ್ ಕಡಿಮೆ ಆಗ್ತದಾ?"

ಸುಗಂಧಿಗೆ ತಲೆಬುಡ ತಿಳಿಯಲಿಲ್ಲ. ರಾತ್ರಿ ಗಂಡನನ್ನು ಕೇಳಿದರೆ ಅವನು ಪತ್ರಿಕೆ ಓದುವವನಂತೆ ಫೋನನ್ನು ಮುಖಕ್ಕೆ ಹಿಡಿದುಕೊಂಡ. ಅದೇ ಫೋನಿನಲ್ಲಿ ಆ ಹೊತ್ತಿಗೆ ಒಂದು ಧ್ವನಿ ಸಂದೇಶ ಗುಂಪಿನಿಂದ ಗುಂಪಿಗೆ ಹಾರುತ್ತಿತ್ತು. ಯಾರೋ ಹೆಂಗಸಿನ ಧ್ವನಿ. "ನಮ್ಮ ಕನ್ನಡದ ಹುಡುಗಿಯೇ ಕುವೈತಿನಲ್ಲಿ ಕಂಡುಹಿಡಿದಿದ್ದಾಳೆ, ಕುರಿಯ ಮಿದುಳಿನಲ್ಲಿ ನೆನಪಿನ ಪ್ರೋಟೀನು ಉಂಟು, ಪರೀಕ್ಷೆಗೆ ಮುಂಚೆ ನಲವತ್ತು ದಿನ ಕೊಡಬೇಕು, ನಿಮ್ಮ ಗುಂಪಿನ ಎಲ್ಲ ತಾಯಂದಿರಿಗೂ ಕಳಿಸಿ." ನಲವತ್ತು ದಿನ ಎಂದು ತಾನು ಹೇಳಿರಲಿಲ್ಲವಲ್ಲ ಎಂದು ಮೋನಪ್ಪ ಯೋಚಿಸಿದ. ಆದರೆ ಕೇಳಲು ಚೆನ್ನಾಗಿಯೇ ಇತ್ತು.

ಮುಂದಿನ ಎರಡು ವಾರಗಳಲ್ಲಿ ನಡೆದದ್ದನ್ನು ಅವನು ಊಹಿಸಿರಲಿಲ್ಲ. ಸಾಲ್ಮಿಯಾದ ಒಂದು ರೆಸ್ಟೋರೆಂಟ್ "ಸ್ಕಾಲರ್ ಸ್ಪೆಷಲ್ ಭೇಜಾ ಫ್ರೈ" ಎಂದು ಬೋರ್ಡು ಹಾಕಿತು. ಬಳಗದ ಅಧ್ಯಕ್ಷರು ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಒಂದು ಪ್ರತಿಭಾ ಭೋಜನ ಏರ್ಪಡಿಸಿದರು. ಶುದ್ಧ ಸಸ್ಯಾಹಾರಿಯಾದ ಒಬ್ಬ ಇಂಜಿನಿಯರು ಮೋನಪ್ಪನನ್ನು ಪಾರ್ಕಿಂಗಿನಲ್ಲಿ ಕಂಡು, ಇದು ಕ್ಯಾಪ್ಸೂಲಿನಲ್ಲಿ ಸಿಗುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಕ್ಯಾಪ್ಸೂಲಿನಲ್ಲಿದ್ದರೆ ಅದು ಔಷಧ, ಔಷಧಕ್ಕೆ ದೋಷವಿಲ್ಲ ಎಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು. ಮಕ್ಕಳನ್ನು ಯಾರೂ ಕೇಳಲಿಲ್ಲ. ಜೋಯಲ್ ಮಾತ್ರ ಒಂದು ದಿನ ಲಿಫ್ಟಿನಲ್ಲಿ, "ಅಂಕಲ್, ಇಟ್ ಟೇಸ್ಟ್ಸ್ ಲೈಕ್ ವೆಟ್ ಸೋಪ್," ಎಂದು ಹೇಳಿ ಕೆಳಗಿಳಿದು ಹೋದ.

ಫೆಬ್ರವರಿಯ ಮೊದಲ ವಾರ ಮೋನಪ್ಪ ಎಂದಿನಂತೆ ಪೆಟ್ಟಿಗೆ ಹಿಡಿದು ಸೂಕಿಗೆ ಹೋದರೆ ಕುಂಞಿ ಕೈ ಅಲ್ಲಾಡಿಸಿದ.

"ಇಲ್ಲ."

"ಇಲ್ಲ ಅಂದರೆ?"

"ಇಲ್ಲ ಅಂದರೆ ಖಲಾಸ್. ಕಡಿಯುವ ಮೊದಲೇ ಬುಕ್ಕಿಂಗ್. ಸಾಲ್ಮಿಯಾ, ಅಬ್ಬಾಸಿಯಾ, ಫಹಾಹೀಲ್, ಎಲ್ಲ ಕಡೆಯಿಂದ ಫೋನು. ಮಲಯಾಳಿಗಳಿಗೂ ಗೊತ್ತಾಗಿದೆ, ಇನ್ನು ನಮ್ಮ ಕೈಯಲ್ಲಿಲ್ಲ. ನನ್ನ ಹೆಂಡತಿ ಸುಲೈಖಾಳೇ ಮಕ್ಕಳಿಗೆ ಬೇಕು ಅಂತ ದಿನಾ ಎರಡು ತೆಗೆದಿಡ್ತಾಳೆ. ಕುರಿಗೆ ಒಂದೇ ತಲೆ ಮಾರಾಯ, ನಾನು ಎಂತ ಮಾಡಲಿ?"

"ನನ್ನ ಮಗಳ ಕೆಲಸ ನಿಲ್ತದೆ."

"ನಿಮ್ಮ ಮಗಳು ಕಂಡುಹಿಡಿದಾಯ್ತಲ್ಲ. ಇನ್ನು ಎಂತಕ್ಕೆ?"

ಮೋನಪ್ಪ ಬೇರೆ ಅಂಗಡಿಗಳನ್ನು ಸುತ್ತಿದ. ಇರಾನಿಯ ಅಂಗಡಿ, ಬಂಗಾಳಿಯ ಅಂಗಡಿ, ಸಿರಿಯಾದವನ ಅಂಗಡಿ. ಎಲ್ಲ ಕಡೆ ತಲೆಗಳು ಖಾಲಿ. ಕೊನೆಗೆ ಒಂದು ಸೂಪರ್‌ಮಾರ್ಕೆಟಿನಲ್ಲಿ ಪ್ಲಾಸ್ಟಿಕ್ ಡಬ್ಬದ ಹೆಪ್ಪುಗಟ್ಟಿದ ಮಿದುಳು ಸಿಕ್ಕಿತು. ಅದನ್ನೇ ಒಯ್ದು ಕೊಟ್ಟ. ಸಂಜೆ ದೀಕ್ಷಿತಾ ಮನೆಗೆ ಬಂದು ಬ್ಯಾಗನ್ನು ಸೋಫಾದ ಮೇಲೆ ಎಸೆದಳು.

"ಏನೂ ಬರಲಿಲ್ಲ. ಹೋಲ್ ಡೇ ವೇಸ್ಟ್. ಅಪ್ಪ, ಫ್ರೆಶ್ ಬ್ರೇನ್‌ಗೆ ಯಾಕೆ ಶಾರ್ಟೇಜ್? ಹಬ್ಬ ಏನಾದ್ರೂ ಉಂಟಾ?"

"ಸೀಸನ್," ಎಂದ ಮೋನಪ್ಪ.

"ಯಾವ ಸೀಸನ್?"

"ಕುರಿಯದ್ದು."

ಅಡುಗೆಮನೆಯಿಂದ ಸುಗಂಧಿ ಗಂಡನನ್ನು ನೋಡಿದ ನೋಟ ಅವನ ಬೆನ್ನಿಗೆ ಮುಟ್ಟಿತು. ಅವಳಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಮಗಳಿಗೆ ಹೇಳಿರಲಿಲ್ಲ, ಹೇಳುವ ಕೆಲಸ ಗಂಡನದು ಎಂದು ಬಿಟ್ಟಿದ್ದಳು.

ಮರುದಿನ ಮೋನಪ್ಪ ಧೈರ್ಯ ಮಾಡಿ ಶರ್ಲಿನ್ ಮನೆಯ ಬೆಲ್ ಒತ್ತಿದ. ಬಾಗಿಲಲ್ಲೇ ನಿಂತು ಸತ್ಯ ಹೇಳಿಬಿಟ್ಟ. ಆ ಪ್ರೋಟೀನು ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ. ಮಾಡಿದರೂ ಕುರಿಯ ತಲೆಯಲ್ಲಿ ಮಾಡಬೇಕು, ಬಾಣಲೆಯಲ್ಲಿ ಹುರಿದ ಮೇಲೆ ಅದು ಬರೀ ಪಲ್ಯ.

ಶರ್ಲಿನ್ ಪೂರ್ತಿ ಕೇಳಿದಳು. ಕೇಳಿ ನಿಧಾನಕ್ಕೆ ನಕ್ಕಳು. "ಅರ್ಥ ಆಯ್ತು ಬಿಡಿ ಅಂಕಲ್. ಬೇರೆ ಮಕ್ಕಳು ಮುಂದೆ ಬರುವುದು ಬೇಡ, ಅಲ್ವಾ? ನಿಮ್ಮ ಹರ್ಷಿತ್ ಈ ಸಲ ಹನ್ನೆರಡನೇ."

ಮೋನಪ್ಪನಿಗೆ ತನ್ನ ಕಿರಿಯ ಮಗ ಹರ್ಷಿತ್ ಹನ್ನೆರಡನೆಯ ತರಗತಿಯಲ್ಲಿರುವುದು ಈ ಗಲಾಟೆಯಲ್ಲಿ ಮರೆತೇಹೋಗಿತ್ತು. ಮೆಟ್ಟಿಲಿಳಿಯುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ತಾನು ಹೇಳಿದ್ದನ್ನೆಲ್ಲ ಜನ ನಂಬಿದ್ದರು. ಮೊದಲ ಸಲ ನಂಬದೆ ಹೋದದ್ದು ನಿಜ ಹೇಳಿದಾಗ. ಹಾಗಾದರೆ ಇದನ್ನು ಸರಿಪಡಿಸಲು ನಿಜದಿಂದ ಆಗುವುದಿಲ್ಲ. ತನಗೆ ಬರುವ ಕೆಲಸವನ್ನೇ ಮಾಡಬೇಕು.

ಆ ಶುಕ್ರವಾರ ಬಳಗದ ಕ್ರಿಕೆಟ್ ಪಂದ್ಯ. ತಾಯಂದಿರೆಲ್ಲ ಒಂದು ಕಡೆ ಚಾಪೆ ಹಾಸಿ ಕೂತಿದ್ದರು. ಮೋನಪ್ಪ ಪಕ್ಕದಲ್ಲಿ ಚಹಾ ಕುಡಿಯುತ್ತ, ಯಾರಿಗೂ ಹೇಳದವನಂತೆ, ಆದರೆ ಎಲ್ಲರಿಗೂ ಕೇಳುವಂತೆ ಶುರು ಮಾಡಿದ.

"ನೆನಪು ಬರ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರು ನೋಡಿ, ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು. ಹಿಡಿಯಲಿಕ್ಕೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಆಕಾಶದಿಂದ ಬೀಳ್ತದಾ? ಮಕ್ಕಳ ಎಲುಬಿನಿಂದ. ಬೆಳೆಯುವ ಮಕ್ಕಳಿಗೆ ಜಾಸ್ತಿ ಕೊಟ್ಟರೆ ಹೈಟು ಅಲ್ಲಿಗೇ ನಿಲ್ತದೆ ಅಂತ ಲ್ಯಾಬಿನಲ್ಲಿ ಈಗ ಮಾತು. ಇನ್ನೂ ಹೊರಗೆ ಹೇಳಿಲ್ಲ."

ಹೊರಗೆ ಹೇಳಿಲ್ಲ ಎಂಬ ಎರಡು ಪದಗಳಿಗೆ ಇರುವ ಶಕ್ತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಂದ್ಯ ಮುಗಿಯುವ ಮೊದಲೇ ಚಾಪೆಗಳು ಖಾಲಿಯಾದವು. ಮಾರ್ಕು ಕಡಿಮೆಯಾದರೆ ಟ್ಯೂಷನ್ ಕೊಡಿಸಬಹುದು, ಹೈಟು ಕಡಿಮೆಯಾದರೆ ಕೊಡಿಸಲು ಟ್ಯೂಷನ್ ಇಲ್ಲ. ಅದೇ ಸಂಜೆ ಹೊಸ ಧ್ವನಿ ಸಂದೇಶ ಹೊರಟಿತು. ಅದೇ ಹೆಂಗಸಿನ ಧ್ವನಿ, ಅದೇ ಆತ್ಮವಿಶ್ವಾಸ.

ಭಾನುವಾರ ಬೆಳಿಗ್ಗೆ ಕುಂಞಿಯ ಅಂಗಡಿಯಲ್ಲಿ ತಟ್ಟೆ ತುಂಬ ಮಿದುಳು, ಕೇಳುವವರಿಲ್ಲ. ಮೋನಪ್ಪ ಪೆಟ್ಟಿಗೆ ತುಂಬಿಸಿಕೊಂಡ. ಗೆಳೆಯನ ವ್ಯಾಪಾರ ಕೆಡಿಸಿದೆನಲ್ಲ ಎಂದು ಒಳಗೊಳಗೆ ಅಳುಕು. ಬಾಯಿಬಿಟ್ಟು ಹೇಳಿಯೂ ಹೇಳಿದ, "ನನ್ನಿಂದ ನಿನಗೆ ನಷ್ಟ ಆಯ್ತು ಕುಂಞಿ."

"ಎಂತ ನಷ್ಟ?" ಎಂದ ಕುಂಞಿ. ಅವನು ಒಂದು ರಾಶಿ ಕುರಿಕಾಲನ್ನು ತುಂಡು ಮಾಡುತ್ತಿದ್ದ. "ನಿನ್ನೆಯಿಂದ ಎಲ್ಲರಿಗೂ ಕಾಲು ಸೂಪ್ ಬೇಕಂತೆ. ಎಲುಬಿಗೆ ಕ್ಯಾಲ್ಸಿಯಂ. ಕುರಿಗೆ ಕಾಲು ನಾಲ್ಕು, ತಲೆ ಒಂದೇ. ನನಗೆ ಇದೇ ಒಳ್ಳೇದು. ನಿಮ್ಮ ಬಾಯಿಂದ ಯಾವ ವಿಜ್ಞಾನ ಬಂದರೂ ಮೋನಪ್ಪಣ್ಣ, ನನ್ನ ಅಂಗಡಿಯಲ್ಲಿ ಅದಕ್ಕೊಂದು ಅಂಗ ಇದ್ದೇ ಇರ್ತದೆ."

ದೀಕ್ಷಿತಾಳ ಕೆಲಸ ಭರದಿಂದ ಸಾಗಿತು. ಊಟದ ಹೊತ್ತಿಗೆ ಅವಳು ಹಾಡು ಗುನುಗುವುದು ಕೇಳಿ ಮೋನಪ್ಪನಿಗೂ ನೆಮ್ಮದಿ. ಅದು ಉಳಿದದ್ದು ಶರ್ಲಿನ್ ಮಗನನ್ನು ಕ್ಲಿನಿಕ್ಕಿಗೆ ಕರೆದೊಯ್ಯುವವರೆಗೆ. ಹತ್ತು ದಿನ ಮಿದುಳು ತಿಂದ ಹುಡುಗನ ಎಲುಬಿನಲ್ಲಿ ಎಷ್ಟು ಉಳಿದಿದೆ ನೋಡಿ ಎಂದು ಅವಳು ಡಾಕ್ಟರನ್ನು ಕೇಳಿದಳಂತೆ. ಅವಳು ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗದ ಡಾಕ್ಟರು, ಇದನ್ನು ಯಾರು ಹೇಳಿದರು ಎಂದು ವಿಚಾರಿಸಿದರು. ಶರ್ಲಿನ್ ಕ್ಲಿನಿಕ್ಕಿನಿಂದ ನೇರ ಬಂದು ದೀಕ್ಷಿತಾಳ ಎದುರು ಕೂತಳು. ಹಾಲು ಎಷ್ಟು ಲೀಟರು ಕೊಟ್ಟರೆ ಸರಿಹೋಗುತ್ತದೆ, ನೀನೇ ಹೇಳು ಎಂದಳು.

ಅವಳು ಹೋದ ಮೇಲೆ ಮೋನಪ್ಪ ಬಾಲ್ಕನಿಗೆ ಹೋಗಿ ನಿಂತ. ದೀಕ್ಷಿತಾ ಹಿಂದೆಯೇ ಬಂದಳು.

"ಎರಡೂ ನೀವೇ ಹೇಳಿದ್ದಾ?"

"ಹೂಂ."

"ಯಾಕೆ ಅಪ್ಪ?"

"ಕೇಳಿದರು. ಗೊತ್ತಿಲ್ಲ ಅಂತ ಹೇಳಲಿಕ್ಕೆ ಆಗಲಿಲ್ಲ." ಕೆಳಗಿನ ಪಾರ್ಕಿಂಗ್ ನೋಡುತ್ತ ಅವನೇ ಮುಂದುವರಿಸಿದ. "ನನಗೆ ಗೊತ್ತಿಲ್ಲ ಅಂದರೆ ಪರವಾಗಿಲ್ಲ. ನಿನಗೂ ಗೊತ್ತಿಲ್ಲ ಅಂತ ಹೇಗೆ ಹೇಳುವುದು? ಅಷ್ಟು ಓದಿದವಳು."

ಅವಳು ಬೈಯುತ್ತಾಳೆ ಎಂದು ಅವನು ಕಾದ. ಅವಳು ಕಂಬಿಗೆ ಒರಗಿ, ನಗುವನ್ನು ಒಳಗೇ ಹಿಡಿದಿಟ್ಟು ಸೋತಳು.

"ನಿಮಗೆ ಒಂದು ವಿಷಯ ಹೇಳ್ತೇನೆ. ನಮ್ಮ ಪ್ರಾಜೆಕ್ಟಿಗೆ ಹಣ ಕೊಡುವವರಿಗೂ ಪ್ರೊಫೆಸರ್ ಅದನ್ನೇ ಬರೆದದ್ದು. ಈ ಪ್ರೋಟೀನು ನೆನಪಿಗೆ ಕಾರಣ ಆಗಿರಬಹುದು ಅಂತ. ಗೊತ್ತಿಲ್ಲ ಅಂತ ಬರೆದರೆ ಯಾರು ಹಣ ಕೊಡ್ತಾರೆ?"

"ಹಾಗಾದರೆ ನಾನು ಹೇಳಿದ್ದು ಸರಿಯೇ."

"ಅವರು 'ಬಹುದು' ಅಂತ ಹಾಕಿದ್ದಾರೆ. ನೀವು ಹಾಕಲಿಲ್ಲ."

ಮೋನಪ್ಪ ಇದನ್ನು ಯೋಚಿಸಿದ. ಇಷ್ಟು ಸಣ್ಣ ಪದವನ್ನು ಸೇರಿಸಿದ್ದರೆ ತಾನೂ ಪ್ರೊಫೆಸರ್ ಆಗುತ್ತಿದ್ದೆನೇನೋ. ಆದರೆ ಮಗಳ ಮುಖ ನೋಡಿದಾಗ ಅದರಲ್ಲಿದ್ದ ನಗು ಆರಿತ್ತು.

"ಆದರೆ ಮಕ್ಕಳ ಹೈಟು ಅಂತೆಲ್ಲ ಹೆದರಿಸಬಾರದಿತ್ತು ಅಪ್ಪ. ಶರ್ಲಿನ್ ಆಂಟಿ ಅಳ್ತಿದ್ರು. ಅವರಿಗೆ ನಾನು ಹೇಳಿದ್ದೇನೆ, ಆದರೆ ನೀವೂ ಹೇಳಬೇಕು."

ಅವನು ಆ ಕ್ಷಣವೇ ಮೇಲೆ ಹತ್ತಿ ಹೋಗಿ ಹೇಳಿ ಬಂದ. ಶರ್ಲಿನ್ ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡಳು. "ಆಯ್ತು ಅಂಕಲ್," ಎಂದಳು. ಆದರೆ ಹಾಲು ನಿಲ್ಲಿಸಲಿಲ್ಲ. ಹಾಲಿನಿಂದ ಏನೂ ಕೆಡುವುದಿಲ್ಲವಲ್ಲ.

ಮುಂದಿನ ಶನಿವಾರ ಪೆಟ್ಟಿಗೆ ತಂದ ಅಪ್ಪನನ್ನು ದೀಕ್ಷಿತಾ ಲ್ಯಾಬಿನ ಗೇಟಿನಲ್ಲೇ ಕಳಿಸಿಬಿಡಲಿಲ್ಲ. ಕಾವಲಿನವನ ಹತ್ತಿರ ಮಾತಾಡಿ ಒಳಗೆ ಕರೆದುಕೊಂಡು ಹೋದಳು. ಮೋನಪ್ಪ ಅಲ್ಲಿ ದೊಡ್ಡ ದೊಡ್ಡ ಯಂತ್ರ, ಮಿನುಗುವ ದೀಪ ನಿರೀಕ್ಷಿಸಿದ್ದ. ಕಂಡದ್ದು ಹೆಚ್ಚು ಕಡಿಮೆ ಅಡುಗೆಮನೆ. ಮಿಕ್ಸಿ, ಫ್ರಿಜ್ಜು, ಸಿಂಕು. ಅವಳು ಮಿದುಳನ್ನು ತಣ್ಣನೆಯ ದ್ರಾವಣದಲ್ಲಿ ಅರೆದಳು, ಸೋಸಿದಳು, ತಿರುಗುವ ಯಂತ್ರದಲ್ಲಿಟ್ಟು ಗಸಿ ಕೆಳಗೆ ಕೂರಿಸಿದಳು. ತಿಳಿನೀರನ್ನು ಸಣ್ಣ ಮಣಿಗಳು ತುಂಬಿದ ಒಂದು ಗಾಜಿನ ನಳಿಕೆಯಲ್ಲಿ ಹನಿಹನಿಯಾಗಿ ಬಿಟ್ಟಳು.

"ಇದಕ್ಕೆ ಕ್ಯಾಲ್ಸಿಯಂ ಹಾಕಿದ್ದೇನೆ. ಕ್ಯಾಲ್ಸಿಯಂ ಸಿಕ್ಕಿದ ಕೂಡಲೇ ನಮ್ಮ ಪ್ರೋಟೀನು ಒಳಗೆ ಮಡಚಿಟ್ಟ ಕೊಬ್ಬಿನ ಬಾಲವನ್ನು ಹೊರಗೆ ಚಾಚ್ತದೆ. ಈ ಮಣಿಗಳಿಗೆ ಎಣ್ಣೆಯ ಗುಣ, ಅದಕ್ಕೆ ಹೋಗಿ ಅಂಟಿಕೊಳ್ತದೆ. ಬೇರೆಯದೆಲ್ಲ ತೊಳೆದುಹೋಗ್ತದೆ. ಆಮೇಲೆ ಕ್ಯಾಲ್ಸಿಯಂ ಕಿತ್ತುಕೊಳ್ಳುವ ನೀರು ಬಿಟ್ಟರೆ ಇದೊಂದೇ ಬಿಟ್ಟುಕೊಂಡು ಕೆಳಗೆ ಬರ್ತದೆ."

ಸ್ಟೂಲಿನ ಮೇಲೆ ಕೂತು ಅವನು ಹನಿ ಬೀಳುವುದನ್ನು ನೋಡಿದ. ಒಂದು ಪೆಟ್ಟಿಗೆ ಮಿದುಳಿನಿಂದ ಕೊನೆಗೆ ಉಳಿದದ್ದು ಒಂದು ಚಮಚದ ತಳಕ್ಕೂ ಸಾಲದಷ್ಟು ನೀರು, ನೋಡಲು ಬರೀ ನೀರೇ. ದೀಕ್ಷಿತಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದಳು. ಅವಳು ಮಗುವಾಗಿದ್ದಾಗ ಒಂದು ಲೋಟ ಹಾಲನ್ನು ಚೆಲ್ಲದಂತೆ ಹಾಗೆಯೇ ಹಿಡಿದುಕೊಂಡು ಬರುತ್ತಿದ್ದಳು. ಮೋನಪ್ಪ ಒಂದು ಮಾತೂ ಆಡಲಿಲ್ಲ. ಆಡಲು ಅವನಿಗೆ ಏನೂ ತೋಚಲಿಲ್ಲ, ತೋಚದಿದ್ದುದು ಅವನಿಗೆ ಕೆಟ್ಟದೆನಿಸಲೂ ಇಲ್ಲ.

ಏಪ್ರಿಲ್ ಕೊನೆಗೆ ಆ ಪ್ರೋಟೀನಿನ ಕೆಲಸ ಏನೆಂಬುದರ ಸುಳಿವು ಸಿಕ್ಕಿತು. ದೀಕ್ಷಿತಾ ಊಟದ ಮೇಜಿನಲ್ಲಿ ಎರಡು ಚಮಚ, ಒಂದು ತಟ್ಟೆ ಇಟ್ಟುಕೊಂಡು ತೋರಿಸಿದಳು. ಕ್ಯಾಲ್ಸಿಯಂ ಬಂದಾಗ ಪ್ರೋಟೀನು ಜೀವಕೋಶದ ಕೊಬ್ಬಿನ ಪೊರೆಗೆ ಹೋಗಿ ಅಂಟುತ್ತದೆ. ಅಲ್ಲಿ ಒಂದು ಕಿಣ್ವವನ್ನು ಹಿಡಿದು ಕೂರಿಸುತ್ತದೆ, ಕೆಲಸ ಮಾಡಗೊಡುವುದಿಲ್ಲ. ಕ್ಯಾಲ್ಸಿಯಂ ಹೋದಾಗ ಬಿಟ್ಟುಬಿಡುತ್ತದೆ.

"ಅಂದರೆ ಬ್ರೇಕು," ಎಂದ ಮೋನಪ್ಪ.

"ಹೌದು, ಬ್ರೇಕ್. ಬಟ್ ಓನ್ಲಿ ಇನ್ ಎ ಟೆಸ್ಟ್ ಟ್ಯೂಬ್. ಬ್ರೇನ್‌ನಲ್ಲಿ ಅದರಿಂದ ಎಂತ ಆಗ್ತದೆ, ಅದು ಇನ್ನೂ ಗೊತ್ತಿಲ್ಲ."

"ಸುಮ್ಮನಿರು ಅಂತ ಹೇಳುವ ಪ್ರೋಟೀನು," ಎಂದಳು ಸುಗಂಧಿ ಪಲ್ಯ ಬಡಿಸುತ್ತ. "ನಿಮ್ಮ ತಲೆಯಲ್ಲಿ ಅದು ಇದೆಯೋ ಇಲ್ಲವೋ ಒಮ್ಮೆ ನೋಡಿಸಬೇಕು."

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಬಳಗ ಸನ್ಮಾನ ಸಮಾರಂಭ ಇಟ್ಟುಕೊಂಡಿತು. ಜೋಯಲ್‌ಗೆ ಒಳ್ಳೆಯ ಮಾರ್ಕು ಬಂದಿತ್ತು. ಮೊದಲ ಹತ್ತು ದಿನದ ಭೇಜಾ ಕೆಲಸ ಮಾಡಿತು ಎಂದು ಅವನ ಅಪ್ಪನ ವಾದ. ಆಮೇಲಿನ ಹಾಲಿನಿಂದ ಎಂದು ಶರ್ಲಿನ್ ವಾದ. ಓದಿದ್ದರಿಂದ ಇರಬಹುದು ಎಂದು ಜೋಯಲ್ ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಹರ್ಷಿತ್ ಎರಡನ್ನೂ ತಿನ್ನದೆ, ಕುಡಿಯದೆ ಸಾಧಾರಣವಾಗಿ ಪಾಸಾಗಿದ್ದ. ಅದು ಎರಡೂ ಪಕ್ಷಗಳಿಗೆ ಸಾಕ್ಷಿಯಾಯಿತು.

ಸಭಾಂಗಣದ ಬ್ಯಾನರಿನ ಮೇಲೆ "ನೆನಪಿನ ಶಕ್ತಿಯ ಸಂಶೋಧಕಿ ಡಾ. ದೀಕ್ಷಿತಾ ಅವರಿಗೆ ಸನ್ಮಾನ" ಎಂದಿತ್ತು. ದೀಕ್ಷಿತಾ ಅದನ್ನು ನೋಡಿ ಅಧ್ಯಕ್ಷರ ಬಳಿ ಹೋದಳು. ತಾನು ಕಂಡುಹಿಡಿದದ್ದು ಅದಲ್ಲ ಎಂದು ತಿಳಿಹೇಳಿದಳು. ಅವರು ಎಲ್ಲ ಕೇಳಿ, "ವಿನಯ, ವಿನಯ," ಎಂದು ಮೆಚ್ಚುಗೆಯಿಂದ ತಲೆಯಾಡಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಂಟೆಯ ಚಿತ್ರವಿದ್ದ ಫಲಕ ಕೊಟ್ಟರು. ಆಮೇಲೆ ಹೆಮ್ಮೆಯ ತಂದೆ ಎರಡು ಮಾತಾಡಬೇಕೆಂದು ಮೈಕನ್ನು ಮೋನಪ್ಪನ ಕೈಗೆ ಕೊಟ್ಟರು.

ಮೋನಪ್ಪ ಮೈಕು ಹಿಡಿದು ನಿಂತ. ಎದುರಿಗೆ ತುಂಬಿದ ಸಭೆ. ಮುಂದಿನ ಸಾಲಿನಲ್ಲಿ ದಂತವೈದ್ಯೆಯ ಅಪ್ಪ, ಎರಡನೆಯ ಸಾಲಿನಲ್ಲಿ ಶರ್ಲಿನ್, ಹಿಂದೆ ಬಾಗಿಲ ಬಳಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಂಞಿ. ಇಂಥ ಅವಕಾಶಕ್ಕಾಗಿ ಎಷ್ಟು ವರ್ಷ ಕಾದಿದ್ದ. ಸುಣ್ಣದ ಗೋಡೆ ಅವನ ನಾಲಿಗೆಯವರೆಗೂ ಬಂತು.

"ನನ್ನ ಮಗಳು ಒಂದು ಪ್ರೋಟೀನು ನೋಡ್ತಾಳೆ," ಎಂದ. "ಕ್ಯಾಲ್ಸಿಯಂ ಬಂದರೆ ಅದು ಪೊರೆಗೆ ಅಂಟಿಕೊಂಡು ಒಂದು ಕಿಣ್ವವನ್ನು ಹಿಡೀತದೆ. ಹೋದರೆ ಬಿಡ್ತದೆ. ಗಾಜಿನ ಕೊಳವೆಯಲ್ಲಿ ಅಷ್ಟು ಗೊತ್ತಾಗಿದೆ. ತಲೆಯ ಒಳಗೆ ಅದು ಎಂತಕ್ಕೆ ಅಂತ," ಇಲ್ಲಿ ಅವನು ಮೈಕನ್ನು ಇನ್ನೊಂದು ಕೈಗೆ ಬದಲಿಸಿದ, "ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಹುಡುಕ್ತಿದ್ದಾಳೆ. ನಾನು ಮೊದಲು ಹೇಳಿದ್ದೆಲ್ಲ ನನ್ನದೇ. ಅವಳದ್ದಲ್ಲ."

ಚಪ್ಪಾಳೆ ಬೀಳಬೇಕೋ ಬೇಡವೋ ಎಂದು ಸಭೆ ಗೊಂದಲದಲ್ಲಿತ್ತು. ಅಧ್ಯಕ್ಷರು ಬೇಗನೆ ಮೈಕು ತೆಗೆದುಕೊಂಡರು. "ನೆನಪಿನ ಶಕ್ತಿ," ಎಂದು ಜ್ಞಾಪಿಸಿದರು. ಆಗ ಚಪ್ಪಾಳೆ ಬಂತು. ಊಟದ ಸಾಲಿನಲ್ಲಿ ಮೂವರು ಮೋನಪ್ಪನನ್ನು ಬೇರೆ ಬೇರೆಯಾಗಿ ಕರೆದು, ನಿಜ ಸಂಗತಿ ಏನು, ನಮಗೆ ಮಾತ್ರ ಹೇಳಿ ಎಂದು ಕೇಳಿದರು. ಪೇಟೆಂಟಿನ ವಿಷಯವಿರಬೇಕು, ಅದಕ್ಕೇ ಮುಚ್ಚಿಡುತ್ತಿದ್ದಾನೆ ಎಂದು ಅವರು ತಮ್ಮೊಳಗೆ ತೀರ್ಮಾನಿಸಿಕೊಂಡರು. ಮೋನಪ್ಪನಿಗೆ ಇದರಿಂದ ಬೇಸರವಾಯಿತು, ಸ್ವಲ್ಪ ಖುಷಿಯೂ ಆಯಿತು.

ಕಾರಿನಲ್ಲಿ ಸುಗಂಧಿಯ ಮಡಿಲಲ್ಲಿ ಹಣ್ಣಿನ ಬುಟ್ಟಿ. ಹರ್ಷಿತ್ ಗೆಳೆಯರ ಜೊತೆ ಹೋಗಿದ್ದ. ಹಿಂದಿನ ಸೀಟಿನಲ್ಲಿ ದೀಕ್ಷಿತಾ ಶಾಲು ಸುತ್ತಿ ತಲೆದಿಂಬು ಮಾಡಿಕೊಂಡು ಒರಗಿದ್ದಳು. ಸಮುದ್ರದ ಬದಿಯ ರಸ್ತೆಯಲ್ಲಿ ಶುಕ್ರವಾರದ ವಾಹನಗಳು ತೆವಳುತ್ತಿದ್ದವು. ಮೋನಪ್ಪ ಕನ್ನಡಿಯಲ್ಲಿ ಒಮ್ಮೆ ಮಗಳನ್ನು ನೋಡಿದ.

"ದೀಕ್ಷಿ," ಎಂದ. "ಕ್ಯಾಲ್ಸಿಯಂ ಬಂತು, ಹಿಡ್ಕೊಂಡಿತು. ಸರಿ. ಆದರೆ ಲ್ಯಾಬಿನಲ್ಲಿ ನೀನು ಬೇರೆ ನೀರು ಹಾಕಿ ಬಿಡಿಸ್ತಿ. ತಲೆಯ ಒಳಗೆ ಅದನ್ನು ಬಿಡಿಸುವವರು ಯಾರು?"

ಅವಳು ಎದ್ದು ಕೂತು, ಎರಡು ಸೀಟಿನ ನಡುವೆ ಮುಖ ತಂದಳು.

"ಅಪ್ಪ, ಪಂಪ್ ಉಂಟು. ಕ್ಯಾಲ್ಸಿಯಂ ಹೊರಗೆ ತಳ್ಳುವ ಪಂಪ್. ಆದರೆ ಅದು ಇದಕ್ಕೆ ಸಾಕಾಗುವಷ್ಟು ಬೇಗ ತಳ್ತದಾ ಅಂತ…" ಅವಳು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ನಡುವೆ ಒಂದೆರಡು ತುಳು. ಕೈ ಮುಂದೆ ಚಾಚಿ ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ ಒಂದು ವೃತ್ತ ಬರೆದಳು. ಮೋನಪ್ಪ ಅದನ್ನು ನೋಡುತ್ತ, ನಡುನಡುವೆ "ಆಮೇಲೆ?" ಎನ್ನುತ್ತ ತಿರುಗಬೇಕಾದ ಸಿಗ್ನಲನ್ನು ದಾಟಿ ಮುಂದೆ ಹೋದ. ಸುಗಂಧಿ ಅದನ್ನು ಗಮನಿಸಿದಳು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು, ಸುಲಿಯಲು ಕೂತಳು.